ಹೊಗೆಸೊಪ್ಪಿನ ಊರಿನಲ್ಲೊಂದು ಡೇಲಿಯಾ ಹಿತ್ತಲು

ಸಂಕ್ರಾಂತಿ ಕಳೆದ ಮೇಲೆ ಹುಣಸೂರು ಕಡೆಯ ಕಟ್ಟೆಮಳಲವಾಡಿಗೆ ಹೋದರೆ ಯಾರ ಬಾಯಲ್ಲೂ ಹೊಗೆಸೊಪ್ಪಿನದೇ ಮಾತು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರು ಇದು. ಬೇಲು ಹೇರಿಕೊಂಡ ಟ್ರ್ಯಾಕ್ಟರುಗಳು ರಸ್ತೆ ಬದಿಗೆ ನಿಂತಿರುತ್ತವೆ, ಟೀ ಅಂಗಡಿಯಲ್ಲಿ ಕುಳಿತವರು ಯಾವ ದರ್ಜೆಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕುತ್ತಿರುತ್ತಾರೆ. ಸೊಪ್ಪು ಬೇಯಿಸುವ ಬ್ಯಾರನ್‌ಗಳು ಕೆಲಸ ಮುಗಿಸಿ ತಣ್ಣಗಾಗಿವೆ, ರಾಗಿ ಕೊಯ್ದು ಮೆದೆ ಹಾಕಿದ್ದಾರೆ. ಇರ್ಪುವಿನಿಂದ ನಾಗರಹೊಳೆ ಕಾಡು, ಹನಗೋಡು, ಹುಣಸೂರು ದಾಟಿ ಬರುವ ಲಕ್ಷ್ಮಣತೀರ್ಥ ಇಲ್ಲಿಯ ಕಟ್ಟೆಯನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರಿನ ಕಡೆ ಹೋಗುತ್ತದೆ. ಇಂಥ ಊರಿನ ಒಂದು ಹಿತ್ತಲಲ್ಲಿ ಬೊಗಸೆಗೆ ಹಿಡಿಸದಷ್ಟು ದೊಡ್ಡ ಡೇಲಿಯಾ ಬಿಟ್ಟಿದೆ ಎಂದು ಕೇಳಿ ನೋಡಲು ಹೋದೆ.

ಮನೆಯೊಡತಿ ತಮ್ಮ ಹೆಸರು ಬರೆಯುವುದು ಬೇಡ ಎಂದರು. ಅಕ್ಕ ಎಂದೇ ಕರೆಯುತ್ತೇನೆ. "ಬನ್ನಿ ಅಣ್ಣ, ನೀರು ಕುಡೀರಿ ಮೊದ್ಲು. ಬಿಸಿಲೇರೋಕೆ ಮುಂಚೆ ನೋಡ್ಬುಟ್ರೆ ಬಣ್ಣ ಚೆಂದಾಗಿ ಕಾಣ್ತದೆ" ಎಂದು ಹಿತ್ತಲಿಗೆ ಕರೆದೊಯ್ದರು.

ಹಿತ್ತಲೆಂದರೆ ಬ್ಯಾರನ್ನಿಗೂ ಕೊಟ್ಟಿಗೆಗೂ ನಡುವಿನ ಜಾಗ. ಬೆಳಗಿನ ಬಿಸಿಲು ನೇರ ಬೀಳುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾರನ್ನಿನ ಎತ್ತರದ ಗೋಡೆಯ ನೆರಳು ಚಾಚಿಕೊಳ್ಳುತ್ತದೆ. ಡೇಲಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ದಿನಕ್ಕೆ ಆರು ತಾಸಿನ ಬಿಸಿಲು ಬೇಕು, ಆದರೆ ಇಳಿಹೊತ್ತಿನ ಸುಡುಬಿಸಿಲಿಗೆ ಎಸಳಿನ ತುದಿ ಕರಟುತ್ತದೆ. ಕುಂಕುಮಗೆಂಪು, ಹಳದಿ, ಬಿಳಿ ತುದಿಯ ನೇರಳೆ, ಎಸಳು ಸುರುಳಿಯಾಗಿ ಮುಳ್ಳುಮುಳ್ಳಾಗಿ ಕಾಣುವ ಕ್ಯಾಕ್ಟಸ್ ಜಾತಿ, ನಿಂಬೆಹಣ್ಣಿನಷ್ಟೇ ಗಾತ್ರದ ಪಾಂಪಾನ್, ಎಲ್ಲವೂ ಸಾಲುಸಾಲಾಗಿ ನಿಂತಿವೆ. ವಾಸನೆ ಮಾತ್ರ ಇಲ್ಲ. ಕಣ್ಣಿಗಾಗಿಯೇ ಬೆಳೆಸುವ ಹೂವು ಇದು.

ಡೇಲಿಯಾ ಕೊಡಗಿನ ಚಳಿಗೆ, ಮಲೆನಾಡಿನ ಮಳೆಗಷ್ಟೇ ಒಗ್ಗುತ್ತದೆ ಎಂಬ ಮಾತು ಬಯಲುಸೀಮೆಯಲ್ಲಿ ಬೇರೂರಿದೆ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಇದು ಡೇರೆ ಹೂವು. ಮಳೆಗಾಲ ಬಂತೆಂದರೆ ಮನೆಮನೆಯ ಅಂಗಳದಲ್ಲೂ ಡೇರೆ. ಅಲ್ಲಿಯ ಹೆಣ್ಣುಮಕ್ಕಳು ಗಡ್ಡೆಯನ್ನು ಒಬ್ಬರಿಂದೊಬ್ಬರಿಗೆ ಕೊಟ್ಟು ತಂದು ಬಣ್ಣಗಳನ್ನು ಉಳಿಸಿಕೊಂಡಿದ್ದಾರೆ. ಶಿರಸಿಯ ವನಸ್ತ್ರೀ ಬಳಗ ನಡೆಸುವ ಮಲೆನಾಡು ಮೇಳದಂಥ ಕಡೆ ಬೀಜ, ಗಡ್ಡೆ, ಸಸಿಗಳು ಕೈ ಬದಲಾಯಿಸುತ್ತವೆ. ಮೈಸೂರು ಸೀಮೆಯವರು ಇದನ್ನು ಹೆಚ್ಚಾಗಿ ನೋಡುವುದು ದಸರೆಯ ಹೊತ್ತಿಗೆ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ. ಕುಂಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ನಮ್ಮೂರಲ್ಲಿ ಬರಲ್ಲ ಬಿಡಿ ಎಂದು ಹೊರಟುಬಿಡುತ್ತಾರೆ. ಆ ಮಾತನ್ನು ಅಕ್ಕನ ಹಿತ್ತಲು ಸುಳ್ಳು ಮಾಡಿದೆ.

ಇದರ ತವರು ಮೆಕ್ಸಿಕೊದ ಎತ್ತರದ ಬೆಟ್ಟಗಳು. ಹಗಲು ಹದವಾದ ಬಿಸಿಲು, ರಾತ್ರಿ ತಂಪು. 1789ರಲ್ಲಿ ಮೆಕ್ಸಿಕೊದಿಂದ ಮ್ಯಾಡ್ರಿಡ್ಡಿನ ರಾಜೋದ್ಯಾನಕ್ಕೆ ಬಂದ ಗಿಡಕ್ಕೆ 1791ರಲ್ಲಿ ಕವನಿಲೆಸ್ ಎಂಬ ಸಸ್ಯಶಾಸ್ತ್ರಜ್ಞ ಸ್ವೀಡನ್ನಿನ ಆಂಡರ್ಸ್ ಡಾಲ್‌ನ ನೆನಪಿಗೆ ಈ ಹೆಸರಿಟ್ಟ. 1963ರಿಂದ ಅದು ಮೆಕ್ಸಿಕೊದ ರಾಷ್ಟ್ರಪುಷ್ಪ. ತವರಿನ ತಂಪು ಕಟ್ಟೆಮಳಲವಾಡಿಗೆ ಸಿಗುವುದು ಕಾರ್ತಿಕದಿಂದ ಮಾಘದವರೆಗೆ. ಹಾಗಾಗಿ ಇಲ್ಲಿ ಒಳ್ಳೆಯ ಹೂವಿನ ಕಾಲ ಮಳೆಗಾಲವಲ್ಲ, ಚಳಿಗಾಲ. ಗುಟ್ಟು ಇರುವುದು ಆ ಚಳಿಗಾಲಕ್ಕೆ ಗಿಡವನ್ನು ತಂದು ಮುಟ್ಟಿಸುವುದರಲ್ಲಿ.

ಮುಂಗಾರಿನ ಮೊದಲ ಮಳೆಗೆ ಗಡ್ಡೆ ತಾನಾಗಿ ಎಚ್ಚರಗೊಳ್ಳುತ್ತದೆ. ಅಕ್ಕ ಅದನ್ನು ಮೇ ಕೊನೆಗೆ ನೆಟ್ಟು ತಾಯಿಗಿಡ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಅದು ಬಿಟ್ಟಷ್ಟು ಹೂ ಬಿಡಲಿ ಎಂದು ಸುಮ್ಮನಿರುತ್ತಾರೆ. ಸೆಪ್ಟೆಂಬರಿನಲ್ಲಿ ಅದರ ಎಳೆಕುಡಿಗಳನ್ನು ಬೆರಳುದ್ದಕ್ಕೆ ಗೆಣ್ಣಿನ ಕೆಳಗೆ ಕುಯ್ದು, ಕೆಳಗಿನ ಎಲೆ ತೆಗೆದು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗೆ ಚುಚ್ಚುತ್ತಾರೆ. ಹೊಗೆಸೊಪ್ಪಿನ ಸಸಿ ಬೆಳೆಸಿ ಖಾಲಿಯಾದ ಟ್ರೇಗಳೇ ಇವು. ಚೆನ್ನಾಗಿ ತೊಳೆದು ಒಣಗಿಸಿರುತ್ತಾರೆ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಅಕ್ಟೋಬರಿನ ಜಡಿಮಳೆ ನಿಂತ ಮೇಲೆ ಏರುಮಡಿಗೆ ನೆಟ್ಟರೆ ಹೊಸ ವರ್ಷದ ಹೊತ್ತಿಗೆ ಹೂವು.

ಏರುಮಡಿಯ ಮಾತು ಮುಖ್ಯ. ಈ ಭಾಗದ ಕೆಂಪು ಮರಳುಮಿಶ್ರಿತ ಮಣ್ಣು ನೀರನ್ನು ಹಿಡಿದಿಡುವುದಿಲ್ಲ, ಹೊಗೆಸೊಪ್ಪು ಇಲ್ಲಿ ನೆಲೆಯೂರಿದ್ದಕ್ಕೂ ಅದೇ ಕಾರಣ. ಡೇಲಿಯಾ ಗಡ್ಡೆಗೂ ಅಂಥದ್ದೇ ನೆಲ ಬೇಕು, ನೀರು ನಿಂತರೆ ಬೇಗನೆ ಕೊಳೆಯುತ್ತದೆ, ಅದಕ್ಕೇ ಏರುಮಡಿ. ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ, ಬ್ಯಾರನ್ನಿನ ಒಲೆಯ ಬೂದಿ ಹಾಕಿದ ಮಡಿಗಳಲ್ಲಿ ದೊಡ್ಡ ಜಾತಿಗೆ ಎರಡು ಅಡಿ ಅಂತರ ಬಿಟ್ಟಿದ್ದರು. ಯೂರಿಯಾ ಕಂಡರೆ ಅಕ್ಕನಿಗೆ ಆಗದು. "ಯೂರಿಯ ಸುರುದ್ರೆ ಎಲೆ ಬತ್ತದೆ, ಹೂವ ಎಲ್ ಬತ್ತದೆ?" ಮಾತು ಸರಿಯಾಗಿದೆ. ಸಾರಜನಕ ಹೆಚ್ಚಾದರೆ ಗಿಡ ಸೊಪ್ಪಾಗುತ್ತದೆ, ಗಡ್ಡೆಯೂ ಬಲಿಯುವುದಿಲ್ಲ, ಮರುವರ್ಷಕ್ಕೆ ಉಳಿಯುವುದಿಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅವರ ಬೆರಳ ಕೆಲಸ. ಹೊಗೆಸೊಪ್ಪಿನ ಗಿಡ ಮೊಗ್ಗಿಗೆ ಬಂದಾಗ ತಲೆ ಮುರಿಯುತ್ತಾರೆ, ಎಲೆ ದಪ್ಪವಾಗಲೆಂದು. ಆಮೇಲೆ ಎಲೆಯ ಕಂಕುಳಲ್ಲಿ ಏಳುವ ಕುಡಿಗಳನ್ನೂ ಬಿಡದೆ ಮುರಿಯುತ್ತಾರೆ. ಡೇಲಿಯಾಕ್ಕೂ ತಲೆ ಮುರಿಯಬೇಕು, ಆದರೆ ಮೂರು ನಾಲ್ಕು ಜೊತೆ ಎಲೆ ಬಂದೊಡನೆ, ಬಲು ಬೇಗ. ಇಲ್ಲಿ ಕಂಕುಳ ಕುಡಿಗಳೇ ಬೇಕಾದವು. ಅವೇ ಕವಲಾಗಿ ಗಿಡ ಹರಡಿಕೊಳ್ಳುತ್ತದೆ. ಮುಂದೆ ಕವಲಿನ ತುದಿಗೆ ಮೂರು ಮೊಗ್ಗು ಒಟ್ಟಿಗೆ ಬರುತ್ತವೆ. ಅಕ್ಕ ಒಂದು ಕವಲನ್ನು ಎಡಗೈಯಲ್ಲಿ ಹಿಡಿದು, ನಡುವಿನ ಮೊಗ್ಗನ್ನು ಹೆಬ್ಬೆರಳಿನಿಂದ ಮರೆಮಾಡಿ ಕಾಪಾಡಿಕೊಂಡು, ಕಡಲೆಕಾಳಿನಷ್ಟಿದ್ದ ಪಕ್ಕದ ಎರಡನ್ನು ಉಗುರಿನಿಂದ ಪಕ್ಕಕ್ಕೆ ಬಾಗಿಸಿ ಟಕ್ಕೆಂದು ತೆಗೆದರು. ಕೆಳಗಿನ ಗೆಣ್ಣಿನ ಕುಡಿಯೂ ಹೋಯಿತು. ಉಳಿದೊಂದು ಮೊಗ್ಗೇ ಬೊಗಸೆ ಮೀರುವ ಹೂವಾಗುವುದು. ಪಾಂಪಾನ್‌ಗೆ ಈ ಉಪಚಾರ ಬೇಡ; ಅದು ಗೊಂಚಲು ಗೊಂಚಲಾಗಿ ಬಿಟ್ಟರೇ ಚೆಂದ.

ಆಸರೆಯ ಕೋಲನ್ನು ಗಿಡ ನೆಡುವಾಗಲೇ ಹುಗಿಯಬೇಕು. ಆಮೇಲೆ ಚುಚ್ಚಿದರೆ ಗಡ್ಡೆಗೇ ತೂತು.

ರೋಗದ ವಿಷಯದಲ್ಲಿ ಈ ಊರಿಗೊಂದು ವಿಶೇಷ ಎಚ್ಚರ ಬೇಕು. ಹೊಗೆಸೊಪ್ಪಿನ ಬೇರಿಗೆ ಗಂಟು ಕಟ್ಟಿಸುವ ಜಂತು ಡೇಲಿಯಾದ ಬೇರನ್ನೂ ಬಿಡುವುದಿಲ್ಲ. ರಾಗಿಯ ಸರದಿ ಬಿದ್ದ ನೆಲದಲ್ಲಿ ಅದರ ಹಾವಳಿ ತಗ್ಗುತ್ತದೆ. ಹೊಗೆಸೊಪ್ಪಿನ ಸಸಿಮಡಿ ಇದ್ದ ಜಾಗಕ್ಕೆ ಅಕ್ಕ ಡೇಲಿಯಾ ನೆಡುವುದೇ ಇಲ್ಲ, ಸಾಲಿನ ನಡುವೆ ಚೆಂಡುಹೂವನ್ನೂ ಹಾಕಿದ್ದಾರೆ. ಎಲೆಯಲ್ಲಿ ನರದ ಉದ್ದಕ್ಕೂ ಹಳದಿ ಪಟ್ಟೆ ಕಂಡು ಗಿಡ ಮುರುಟಿದರೆ ಅದು ಮೊಸಾಯಿಕ್. ಹೇನು ಹರಡುವ ಈ ನಂಜಿಗೆ ಔಷಧಿಯಿಲ್ಲ. ಗಡ್ಡೆಯಲ್ಲೂ ಕುಡಿಯಲ್ಲೂ ಅದು ಮುಂದಿನ ವರ್ಷಕ್ಕೆ ದಾಟುವುದರಿಂದ, ಎಷ್ಟೇ ಇಷ್ಟದ ಬಣ್ಣವಾದರೂ ಗಡ್ಡೆಸಹಿತ ಕಿತ್ತು ಸುಡಲೇಬೇಕು. ಹೇನಿಗೆ ಬೇವಿನೆಣ್ಣೆ ಸಾಬೂನು ನೀರು ಸಾಕು. ಹೊಗೆಸೊಪ್ಪಿನ ಕಷಾಯ ಕೈಗೆ ಸಿಗುತ್ತದೆಂದು ಹೊಡೆಯುವವರಿದ್ದಾರೆ, ನನಗದು ಖಂಡಿತ ಒಪ್ಪಿಗೆಯಿಲ್ಲ. ನಿಕೋಟಿನ್ ಜೇನನ್ನು ಕೊಲ್ಲುತ್ತದೆ, ಹೊಡೆಯುವವರ ಚರ್ಮದ ಮೂಲಕ ಮೈಗೂ ಇಳಿಯುತ್ತದೆ.

ಹಿತ್ತಲ ಮೂಲೆಯಲ್ಲಿ ಮೇ ತಿಂಗಳ ತಾಯಿಗಿಡಗಳು ಒಣಗಿ ನಿಂತಿದ್ದವು. ಹಗಲು ಚಿಕ್ಕದಾಗುತ್ತ ಬಂದಂತೆ ಡೇಲಿಯಾ ಹೂವಿನ ಗೀಳು ಬಿಟ್ಟು ಗಡ್ಡೆ ತುಂಬಿಸಿಕೊಳ್ಳುವ ಕಡೆ ತಿರುಗುತ್ತದೆ. ತುಂಬು ಎಸಳಿನ ಜಾತಿಯೂ ನಡುವೆ ಹಳದಿ ಕಣ್ಣು ಬಿಡತೊಡಗುತ್ತದೆ. ನೀರು ನಿಲ್ಲಿಸಿ ಕಾಂಡ ಒಣಗಲು ಬಿಟ್ಟಿದ್ದ ಒಂದು ಗಿಡವನ್ನು ಅಕ್ಕ ನನಗಾಗಿ ಕಿತ್ತರು. ಬುಡದಿಂದ ಒಂದಡಿ ದೂರ ಹಾರೆ ಹಾಕಿ ಸುತ್ತಲೂ ಮಣ್ಣು ಸಡಿಲಿಸಿ, ಎರಡೂ ಕೈಯಿಂದ ಗೊಂಚಲನ್ನೆತ್ತಿದರು. ಕಾಂಡ ಒಳಗೆ ಟೊಳ್ಳು. ಅದರಲ್ಲಿ ನೀರು ನಿಂತರೆ ಬುಡವೇ ಕೊಳೆಯುವುದರಿಂದ ತಲೆಕೆಳಗು ಮಾಡಿ ನೆರಳಿನ ಚಪ್ಪಡಿಯ ಮೇಲೆ ಇಟ್ಟರು. ವಾರದ ಹಿಂದೆ ಕಿತ್ತು ಒಣಗಿದ್ದ ಇನ್ನೊಂದನ್ನು ಕುಡುಗೋಲಿನಲ್ಲಿ ಸೀಳಿ ತೋರಿಸಿದರು. ಗೆಣಸನ್ನು ಹೋಲುವ ಈ ಗಡ್ಡೆಗೆ ಮೈಮೇಲೆಲ್ಲೂ ಕಣ್ಣಿಲ್ಲ. ಕಣ್ಣಿರುವುದು ಹಳೆಯ ಕಾಂಡಕ್ಕೆ ಅಂಟಿದ ಬುಡದಲ್ಲಿ ಮಾತ್ರ, ಸಾಸಿವೆಯಷ್ಟು ಉಬ್ಬಿ, ತುಸು ಕೆಂಪಾಗಿ. ಆ ಬುಡದ ಚೂರು ಅಂಟಿಕೊಂಡು ಬರದಿದ್ದರೆ ಗಡ್ಡೆ ಎಷ್ಟೇ ದಪ್ಪವಿದ್ದರೂ ಮೊಳಕೆ ಬರುವುದಿಲ್ಲ, ಕುತ್ತಿಗೆ ಮುರಿದದ್ದೂ ಅಷ್ಟೇ. ಸಂತೆಯಲ್ಲಿ ಗಡ್ಡೆ ಕೊಂಡು ಮೋಸಹೋದೆವೆನ್ನುವವರಲ್ಲಿ ಎಷ್ಟೋ ಜನ ನೋಡದೆ ಬಿಟ್ಟಿರುವುದು ಇದನ್ನೇ.

ಸೀಳಿದ ಗಾಯಕ್ಕೆ ಜರಡಿ ಹಿಡಿದ ಬೂದಿ ಸವರಿ, ಮಂಕರಿಯಲ್ಲಿ ಒಣಮರಳಿನ ನಡುವೆ ಪದರ ಪದರವಾಗಿ ಇಟ್ಟರು. ಪ್ರತಿ ಗಡ್ಡೆಗೂ ಬಣ್ಣದ ಬಟ್ಟೆಯ ಚೂರು ಕಟ್ಟಿದೆ. ಹಳದಿ ಹೂವಿಗೆ ಹಳದಿ ಚಿಂದಿ, ಕೆಂಪಿಗೆ ಕೆಂಪು. ಮಂಕರಿ ಬೇಸಿಗೆಯನ್ನೆಲ್ಲ ಅಟ್ಟದ ತಂಪು ಮೂಲೆಯಲ್ಲಿ ಕಳೆಯುತ್ತದೆ. "ತಿಂಗ್ಳಿಗೊಂದ್ ಸಲ ಕೈಯಾಡಿಸ್ಬೇಕು ಅಣ್ಣ. ಮೆತ್ತಗಾದದ್ದನ್ನ ತೆಗ್ದು ಎಸೀಬೇಕು, ತೀರಾ ಸುಕ್ಕಾಯ್ತು ಅಂದ್ರೆ ಮರಳಿಗೆ ಚೂರು ನೀರ್ ಚುಮುಕ್ಸಬೇಕು." ಅಕ್ಕನ ಮೊದಲ ಗಡ್ಡೆ ಬಂದದ್ದು ಗೋಣಿಕೊಪ್ಪದ ಕಡೆಯ ನೆಂಟರಿಂದ. ಈಗ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮನೆಗಳಿಗೆ ಇಲ್ಲಿಂದಲೇ ಹೋಗುತ್ತಿದೆ. ಕೇಳಿದವರಿಗೆ ಇಲ್ಲವೆನ್ನುವುದಿಲ್ಲ, ದುಡ್ಡನ್ನೂ ಮುಟ್ಟುವುದಿಲ್ಲ. ಬೇಕಾದವರು ಯುಗಾದಿ ಕಳೆದು ಮಂಕರಿ ಕೆಳಗಿಳಿಸುವ ಹೊತ್ತಿಗೆ ಬರಬೇಕು, ಅಕ್ಕನ ಬಳಿ ಇಲ್ಲದ ಬಣ್ಣ ಏನಾದರೂ ಇದ್ದರೆ ಒಂದು ಗಡ್ಡೆ ಜೊತೆಗೆ ತರಬೇಕು.