ಬಾವಲಿಯನ್ನೇ ನಂಬಿದ ನೊಣ

ಹಳೆಯ ದೇವಾಲಯದ ಕತ್ತಲ ಮೂಲೆಯಲ್ಲೋ ಊರಂಚಿನ ಆಲದ ಮರದಲ್ಲೋ ತಲೆಕೆಳಗಾಗಿ ತೂಗುವ ಬಾವಲಿಗಳನ್ನು ನೀವು ನೋಡಿರುತ್ತೀರಿ. ಅವು ಹಗಲಿಡೀ ನಿದ್ರಿಸುತ್ತವೆಂದು ಭಾವಿಸಬೇಡಿ. ಕಾಲುಗುರುಗಳಿಂದ ತುಪ್ಪಳ ಬಾಚುತ್ತ, ರೆಕ್ಕೆಯ ತೊಗಲನ್ನು ನೆಕ್ಕುತ್ತ ಬಹಳ ಹೊತ್ತು ಕಳೆಯುತ್ತವೆ. ಮೈಮೇಲೆ ನೆಲೆಸಿದ ನುಸಿ, ಉಣ್ಣೆ, ಚಿಗಟ ಮತ್ತು ನೊಣಗಳೊಡನೆ ಅವು ನಡೆಸುವ ನಿತ್ಯದ ಹೋರಾಟವಿದು. ಹೀಗೆ ಇನ್ನೊಂದು ಪ್ರಾಣಿಯ ಮೈಮೇಲಿದ್ದು ಅದರಿಂದಲೇ ಆಹಾರ ಪಡೆಯುವ ಜೀವಿಗಳನ್ನು ಬಾಹ್ಯ ಪರೋಪಜೀವಿಗಳೆನ್ನುತ್ತಾರೆ.

ಇವುಗಳಲ್ಲಿ ಬಾವಲಿ ನೊಣದ ಬದುಕು ತೀರ ವಿಚಿತ್ರ. ನಿಕ್ಟೆರಿಬಿಡೆ ಕುಟುಂಬದ ಈ ನೊಣಕ್ಕೆ ರೆಕ್ಕೆಗಳೇ ಇಲ್ಲ. ನೋಡಲು ಪುಟ್ಟ ಜೇಡದಂತಿದೆ. ಚಪ್ಪಟೆ ದೇಹ, ಬೆನ್ನ ಮೇಲೆ ಹಿಂದಕ್ಕೆ ಮಡಚಿಟ್ಟ ತಲೆ, ಕೂದಲನ್ನು ಬಿಗಿಯಾಗಿ ಹಿಡಿಯುವ ಉಗುರುಗಳು. ಬಾವಲಿ ಎಷ್ಟೇ ಬಾಚಿದರೂ ನುಣುಚಿಕೊಳ್ಳಲು ಇವೆಲ್ಲ ನೆರವಾಗುತ್ತವೆ. ಬಾವಲಿಯ ರಕ್ತವೇ ಇದರ ಆಹಾರ. ಅದು ದೊರೆಯದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಆದರೂ ಹೆಣ್ಣು ನೊಣ ಆ ಆಸರೆಯನ್ನು ಬಿಟ್ಟಿಳಿಯಲೇಬೇಕಾದ ಸಂದರ್ಭವೊಂದಿದೆ. ಅದು ಮನೆನೊಣದಂತೆ ರಾಶಿರಾಶಿ ಮೊಟ್ಟೆಯಿಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಒಡಲಲ್ಲಿಟ್ಟುಕೊಂಡು, ಹಾಲಿನಂಥ ದ್ರವವನ್ನುಣಿಸಿ ಬೆಳೆಸುತ್ತದೆ. ಹೆರುವ ಸಮಯ ಬಂದಾಗ ಬಾವಲಿಗಳು ತೂಗುವ ಗೋಡೆಗೋ ಕೊಂಬೆಗೋ ಇಳಿದು, ಮರಿಹುಳುವನ್ನು ಅಲ್ಲಿ ಅಂಟಿಸಿ ಹಿಂದಿರುಗುತ್ತದೆ. ಕೋಶಾವಸ್ಥೆಯಲ್ಲಿ ಕೆಲವು ವಾರ ಕಳೆದು ಹೊರಬಂದ ಹೊಸ ನೊಣ ಬೇಗನೆ ಬಾವಲಿಯನ್ನು ಸೇರದಿದ್ದರೆ ಬದುಕದು.

ಹೀಗಾಗಿ ನೊಣದ ಅಳಿವು ಉಳಿವು ಬಾವಲಿಯ ಮೈಯನ್ನಷ್ಟೇ ಅಲ್ಲ, ಅದು ತಂಗುವ ನೆಲೆಯನ್ನೂ ಅವಲಂಬಿಸಿದೆ. ಒಂದೇ ಗುಹೆಯಲ್ಲಿ ದಟ್ಟವಾಗಿ ನೆಲೆಸುವ ಬಾವಲಿಗಳ ಮೇಲೆ ಸಾಮಾನ್ಯವಾಗಿ ನೊಣಗಳು ಹೆಚ್ಚು. ಎಲೆಗಳ ಮರೆಯಲ್ಲಿ ತಂಗಿ, ಆಗಾಗ ಜಾಗ ಬದಲಿಸುವವುಗಳ ಮೇಲೆ ಕಡಿಮೆ. ಹಾಗಾದರೆ ಗುಹೆಯನ್ನು ಬಿಟ್ಟು ಹೋಗಬಾರದೇ ಎಂದು ನೀವು ಕೇಳಬಹುದು. ಮರಿಗಳನ್ನು ಸಾಕಲು ತಕ್ಕ ತೇವ, ಹದವಾದ ಉಷ್ಣತೆ, ಶತ್ರುಗಳಿಂದ ರಕ್ಷಣೆ ಎಲ್ಲೆಡೆ ಸಿಗುವುದಿಲ್ಲವಲ್ಲ! ನೊಣಕ್ಕೆ ಕೊಡುವ ಹನಿ ರಕ್ತ ಒಳ್ಳೆಯ ಮನೆಗೆ ತೆರುವ ಬಾಡಿಗೆಯಿದ್ದಂತೆ.

ಅಂಥ ನೆಲೆ ಎಷ್ಟು ಅಪರೂಪವೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 1994ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ ಕೋಲಾರದ ಎಲೆಮೂಗಿನ ಬಾವಲಿಗೆ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೇ ಆಸರೆ. ಕಲ್ಲುಗಣಿಗಾರಿಕೆಯಿಂದ ಆ ನೆಲೆಗೇ ಕುತ್ತು ಬಂದಿತ್ತು. ಗುಹೆಯೊಂದು ನಾಶವಾದರೆ ಬಾವಲಿಯ ಜೊತೆಗೆ, ಅದನ್ನೇ ನಂಬಿದ ಸಣ್ಣ ಜೀವಿಗಳೂ ನಮಗೆ ತಿಳಿಯದಂತೆಯೇ ಅಳಿದುಹೋಗುತ್ತವೆ.

ಈ ನೊಣ ನಮ್ಮ ಮೈಗೆ ಹತ್ತಿಕೊಂಡು ಬೆಳೆದೀತೆಂಬ ಭಯ ಬೇಡ. ಅದು ಬಾವಲಿಯ ಮೇಲೆಯೇ ಬಾಳಬೇಕು. ಆದರೆ ಬಾವಲಿಯನ್ನು ಬರಿಗೈಯಿಂದ ಮುಟ್ಟಬೇಡಿ. ಅದು ಕಚ್ಚಿದ ಹಣ್ಣನ್ನು ತಿನ್ನಬೇಡಿ. ಬೆಳೆಯ ಕೀಟಗಳನ್ನು ತಿಂದು, ಬೀಜಗಳನ್ನು ಹರಡಿ ಉಪಕರಿಸುವ ಈ ಪ್ರಾಣಿಗಳನ್ನು ಹೊಗೆ ಹಾಕಿ ಓಡಿಸದೆ, ದೂರದಿಂದಲೇ ನೋಡಿ ಅವುಗಳ ಪಾಡಿಗೆ ಬಿಡುವುದು ಲೇಸು.