ಅಂಗಳದ ಕುಣಿತ, ಗಣಕದ ಗೊಂಬೆ

ಕಳೆದ ದೀಪಾವಳಿಯ ರಜೆಗೆ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಅವನು ಕಲಿಯುತ್ತಿರುವುದು ಅನಿಮೇಶನ್, ಎಂದರೆ ಬರೆದ ಚಿತ್ರವನ್ನು ನಡೆದಾಡಿಸುವ ವಿದ್ಯೆ. ಕೈಚೀಲ ಕೆಳಗಿಡುವ ಮೊದಲೇ ಅವನು ಕೇಳಿದ್ದು ನನ್ನ ಅಣ್ಣನನ್ನು. ಅಣ್ಣ ಮೂವತ್ತು ವರ್ಷ ತೆಂಕುತಿಟ್ಟಿನ ಮೇಳಗಳಲ್ಲಿ ವೇಷ ಮಾಡಿದವರು. ಮೊಣಕಾಲಿನ ನೋವಿನಿಂದ ಗೆಜ್ಜೆ ಬಿಚ್ಚಿ ಹತ್ತು ವರ್ಷಗಳಾದುವು.

"ದೊಡ್ಡಮಾವ, ಹನುಮಂತನ ಪ್ರವೇಶವನ್ನು ಒಮ್ಮೆ ಅಂಗಳದಲ್ಲಿ ಕುಣಿದು ತೋರಿಸಿ. ನಾನು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತೇನೆ. ನನ್ನ ಗೊಂಬೆ ಅದನ್ನೇ ಕುಣಿಯುತ್ತದೆ" ಎಂದ.

"ಗೊಂಬೆಯ ಸೂತ್ರ ಯಾರ ಕೈಯಲ್ಲಿ, ಮಾಣಿ?" ಎಂದು ಅಣ್ಣ ಕೇಳಿದರು.

ಯಕ್ಷಗಾನದ ಬೊಂಬೆಯಾಟವನ್ನು ಕಂಡ ಕಾಸರಗೋಡಿನವರಿಗೆ ಸಹಜವಾಗಿ ಬರುವ ಪ್ರಶ್ನೆ ಇದು. ಉತ್ತರ ಹೇಳಲು ಒಂದು ಶತಮಾನದಷ್ಟು ಹಿಂದೆ ಹೋಗಬೇಕು. ಅಮೆರಿಕದಲ್ಲಿ ಮ್ಯಾಕ್ಸ್ ಫ್ಲೈಷರ್ ಎಂಬವರು ತಮ್ಮ ಸೋದರ ಡೇವ್‌ಗೆ ವಿದೂಷಕನ ಉಡುಪು ತೊಡಿಸಿ ಕುಣಿಸಿದರು. ಆ ಚಲನಚಿತ್ರದ ಒಂದೊಂದೇ ಚಿತ್ರವನ್ನು ಗಾಜಿನ ಮೇಲೆ ಬೀಳಿಸಿ, ಅದರ ಗೆರೆಗಳನ್ನು ಕಾಗದದಲ್ಲಿ ತಿದ್ದಿ ತೆಗೆದರು. ರೋಟೋಸ್ಕೋಪ್ ಎಂಬ ಈ ಯಂತ್ರಕ್ಕೆ 1917ರಲ್ಲಿ ಹಕ್ಕುಪತ್ರ ದೊರೆಯಿತು. 1937ರಲ್ಲಿ ಡಿಸ್ನಿಯವರ 'ಸ್ನೋ ವೈಟ್' ಬಂದಾಗ, ಅದರ ರಾಜಕುಮಾರಿಯ ನಡೆಗೆ ಮಾದರಿಯಾದವಳು ಮಾರ್ಜ್ ಚಾಂಪಿಯನ್ ಎಂಬ ಹದಿಹರೆಯದ ನರ್ತಕಿ. ಅನಂತರ ಮೈಗೆ ಹೊಳೆಯುವ ಗುಂಡಿಗಳನ್ನು ಅಂಟಿಸಿಕೊಂಡು, ಸುತ್ತಲೂ ಇಟ್ಟ ಅನೇಕ ಕ್ಯಾಮರಾಗಳ ಮುಂದೆ ಅಭಿನಯಿಸುವ ಪದ್ಧತಿ ಬಂತು. 2002ರ ಚಿತ್ರವೊಂದರಲ್ಲಿ ಗೊಲ್ಲಮ್ ಎಂಬ ವಿಕಾರ ಜೀವಿಗೆ ಆಂಡಿ ಸರ್ಕಿಸ್ ಎಂಬ ನಟರು ಚಲನೆಯನ್ನು ಕೊಟ್ಟದ್ದು ಹೀಗೆ. 2014ರ ತಮಿಳು ಚಿತ್ರ 'ಕೋಚಡೈಯಾನ್' ಕೂಡ ಇದೇ ದಾರಿ ಹಿಡಿದಿತ್ತು. ಇದಕ್ಕೆ ಬೇಕಾದ ಹಣ ನಮ್ಮಂಥವರ ಅಂಗಳಕ್ಕೆ ಬರುವಂಥದಲ್ಲ.

ಈಗಿನ ಹೊಸತೆಂದರೆ ಗುಂಡಿಯೂ ಬೇಡ, ವಿಶೇಷ ಕ್ಯಾಮರಾವೂ ಬೇಡ. ಸಾವಿರಾರು ಛಾಯಾಚಿತ್ರಗಳಲ್ಲಿ ಭುಜ ಇಲ್ಲಿ, ಮೊಣಕೈ ಇಲ್ಲಿ ಎಂದು ಮನುಷ್ಯರೇ ಗುರುತು ಹಾಕಿ ಗಣಕಕ್ಕೆ ಕಲಿಸಿದ್ದಾರೆ. ಕಲಿತ ಗಣಕ ತಾನು ಕಾಣದ ಚಿತ್ರದಲ್ಲಿಯೂ ಕೀಲುಗಳ ಸ್ಥಾನವನ್ನು ಊಹಿಸುತ್ತದೆ. ಗೂಗಲ್ ಸಂಸ್ಥೆಯವರು 2020ರಲ್ಲಿ ಹೊರತಂದ ಒಂದು ವಿಧಾನ ದೇಹದಲ್ಲಿ 33 ಬಿಂದುಗಳನ್ನು ಗುರುತಿಸುತ್ತದೆ. ಸೆಕೆಂಡಿಗೆ 30 ಚಿತ್ರಗಳೆಂದರೆ, ಒಂದು ನಿಮಿಷದ ಕುಣಿತಕ್ಕೆ 59,400 ಬಿಂದುಗಳು! ಈ ಬಿಂದುಗಳಿಂದ ಒಂದು ಅಸ್ಥಿಪಂಜರವನ್ನು ಕಟ್ಟಿ, ಅದರ ಬಾಗು-ತಿರುವುಗಳನ್ನು ಗೊಂಬೆಯ ಕೈಕಾಲಿಗೆ ವರ್ಗಾಯಿಸುತ್ತಾರೆ. ಅಣ್ಣ ಕೇಳಿದ ಸೂತ್ರ ಇದೇ. ಅದನ್ನು ಹಿಡಿದವನು ಕುಣಿಯುವವನೇ.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಅಣ್ಣ ಉತ್ಸಾಹದಿಂದ ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಹಳೆಯ ವೇಷವನ್ನು ತೊಟ್ಟೇ ಬಂದರು. ಗಣಕ ಕಂಗೆಟ್ಟಿತು. ಉಡುಪಿನಡಿಯ ಮೊಣಕಾಲು ಅದಕ್ಕೆ ಕಾಣಿಸದು. ಅಣ್ಣ ಬೆನ್ನು ತಿರುಗಿಸಿದೊಡನೆ ಗೊಂಬೆಯ ಎಡಗಾಲು ಬಲಗಾಲಾಯಿತು. ಕೊನೆಗೆ ಅಳಿಯನ ಬಿಗಿಯಾದ ಪ್ಯಾಂಟು ತೊಟ್ಟು ಎಪ್ಪತ್ತರ ಹನುಮಂತ ಅಂಗಳಕ್ಕೆ ಇಳಿದಾಗ ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಕ್ಕದ್ದೇ ನಕ್ಕದ್ದು.

ಎರಡನೆಯ ಸಲ ಗೊಂಬೆ ಕುಣಿಯಿತು, ಆದರೆ ಎಣ್ಣೆ ಚೆಲ್ಲಿದ ನೆಲದಲ್ಲಿ ಜಾರುವವರಂತೆ. ಒಂದೇ ಕ್ಯಾಮರಾಕ್ಕೆ ಎತ್ತರ, ಅಗಲಗಳು ತಿಳಿಯುತ್ತವೆ. ಕಾಲು ಮುಂದೆ ಬಂತೋ ಹಿಂದೆ ಹೋಯಿತೋ ಎಂಬುದನ್ನು ಅದು ಊಹಿಸಬೇಕು. ಊಹೆ ತಪ್ಪಿದಲ್ಲಿ ಪಾದ ಜಾರುತ್ತದೆ, ಕೆಲವೊಮ್ಮೆ ನೆಲ ಬಿಟ್ಟು ಮೇಲೇಳುತ್ತದೆ. ಹೆಜ್ಜೆ ಊರಿದ ಕಡೆಗಳನ್ನೆಲ್ಲ ಹುಡುಕಿ ಪಾದವನ್ನು ನೆಲಕ್ಕೆ ಕಟ್ಟುವುದರಲ್ಲಿ ಅಳಿಯ ಒಂದು ರಾತ್ರಿ ಕಳೆದ. ಇನ್ನು ಬಿಂದುಗಳ ನಡುಕ. ಕ್ಷಣಕ್ಷಣಕ್ಕೂ ಅವು ಕೂದಲೆಳೆಯಷ್ಟು ಅತ್ತಿತ್ತ ಸರಿಯುವುದರಿಂದ ಗೊಂಬೆ ಚಳಿ ಹಿಡಿದಂತೆ ನಡುಗುತ್ತದೆ. ಅದನ್ನು ಅಡಗಿಸಲು ಹಿಂದುಮುಂದಿನ ಸ್ಥಾನಗಳ ಸರಾಸರಿ ತೆಗೆದು ಚಲನೆಯನ್ನು ನಯಮಾಡುತ್ತಾರೆ. ಅಳಿಯನೂ ಹಾಗೆ ಮಾಡಿ, ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಎಲ್ಲರನ್ನೂ ಕುಳ್ಳಿರಿಸಿ ತೋರಿಸಿದ.

ಪುಟ್ಟ ಹನುಮಂತ ಬಾಲವೆತ್ತಿ ಕುಣಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಣ್ಣ ಮಾತ್ರ ಸುಮ್ಮನಿದ್ದರು.

"ನನ್ನ ಕುಂಟು ಇದೆ. ನಿಲುವು ಎಲ್ಲಿ?" ಎಂದರು.

ನೋಡಿದರೆ ನಿಜ. ಎಡಗಾಲನ್ನು ತುಸು ಎಳೆದು ಹಾಕುವುದನ್ನು ಗಣಕ ಚಾಚೂ ತಪ್ಪದೆ ಹಿಡಿದಿತ್ತು. ಆದರೆ ಮುಕ್ತಾಯದ ಪೆಟ್ಟಿಗೆ ಮೈಯೆಲ್ಲ ಗಕ್ಕನೆ ನಿಂತು, ಕಣ್ಣು ಮಾತ್ರ ಸಭೆಯನ್ನು ಸುತ್ತುವ ಆ ಒಂದು ಗಳಿಗೆ, ಯಾವುದಕ್ಕಾಗಿ ಜನ ಬೆಳಗಿನವರೆಗೆ ನಿದ್ದೆಗೆಟ್ಟು ಕಾಯುತ್ತಿದ್ದರೋ ಅದು, ನಯಮಾಡುವಾಗ ಕರಗಿಹೋಗಿತ್ತು. ಥಟ್ಟನೆ ನಿಲ್ಲುವುದನ್ನೂ ಗಣಕ ನಡುಕವೆಂದೇ ಬಗೆದು ಸವರಿಬಿಟ್ಟಿತ್ತು. ಕಣ್ಣಿನ ನೋಟವಂತೂ ಆ 33 ಬಿಂದುಗಳ ಲೆಕ್ಕಕ್ಕೆ ಸಿಕ್ಕುವ ವಸ್ತುವೇ ಅಲ್ಲ. ಅಳಿಯ ಮರುಮಾತಾಡದೆ ಮತ್ತೆ ಕುಳಿತು, ಅಣ್ಣನನ್ನು ಪಕ್ಕದಲ್ಲಿರಿಸಿಕೊಂಡು ಆ ನಿಲುವನ್ನು ಕೈಯಿಂದಲೇ ತಿದ್ದಿದ. ನನಗಂತೂ ಆ ಎರಡು ಗಂಟೆಗಳೇ ಇಡೀ ಕೆಲಸದ ಸಾರವೆನಿಸಿತು. ಮೊಬೈಲು ಇಲ್ಲದಿದ್ದರೆ ಹುಡುಗ ಅಷ್ಟು ಹೊತ್ತು ಮಾವನ ಬಳಿ ಕುಳಿತಿರುತ್ತಿದ್ದನೆಂದು ನಾನು ನಂಬಲಾರೆ.

ಇನ್ನೊಂದು ಮಾತನ್ನು ಮನೆಮನೆಯ ಹಿರಿಯರು ಕೇಳಿ ತಿಳಿಯಬೇಕು. ಇಂಥ ಸೇವೆಗಳಲ್ಲಿ ಅನೇಕವು ನಮ್ಮ ಚಿತ್ರವನ್ನು ಅಂತರಜಾಲದ ಮೂಲಕ ದೂರದ ಗಣಕಗಳಿಗೆ ತರಿಸಿಕೊಂಡು ಕೆಲಸ ಮಾಡುತ್ತವೆ. ಅದನ್ನು ಅವರು ಇಟ್ಟುಕೊಳ್ಳುವರೇ, ತಮ್ಮ ಯಂತ್ರಕ್ಕೆ ಪಾಠವಾಗಿ ಬಳಸುವರೇ ಎಂಬುದು ಕರಾರಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಅಳಿಯ ಅದನ್ನು ಓದಿ, ಮನೆಯ ಗಣಕದಲ್ಲಿಯೇ ನಡೆಯುವ ತಂತ್ರಾಂಶವನ್ನು ಆರಿಸಿಕೊಂಡಿದ್ದ. ಮಾರ್ಜ್ ಚಾಂಪಿಯನ್ 101 ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಅವರ ನಡಿಗೆಯನ್ನು ಲೋಕವೆಲ್ಲ ನೋಡಿದ ಆ ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಈ ಸಂಗತಿಯನ್ನು ಅಳಿಯನೇ ಅಣ್ಣನಿಗೆ ಹೇಳಿ, ಚಿತ್ರದ ಕೊನೆಯಲ್ಲಿ 'ಕುಣಿತ: ದೊಡ್ಡಮಾವ' ಎಂದು ಬರೆದು ತೋರಿಸಿದ. ಅಣ್ಣ ಕನ್ನಡಕ ಏರಿಸಿ ನೋಡಿದರು.

"ದೊಡ್ಡಮಾವ ಎಂದರೆ ಯಾರಿಗೆ ಗೊತ್ತಾಗುತ್ತದೆ? ಮೇಳದ ಕರಪತ್ರದಲ್ಲಿ ಹಾಕುತ್ತಿದ್ದ ಹಾಗೆ ಊರಿನ ಹೆಸರು ಮೊದಲು, ನನ್ನ ಹೆಸರು ಆಮೇಲೆ. ಊರಿನ ಹೆಸರನ್ನು ನಾವು ಕನ್ನಡದಲ್ಲಿ ಹೇಳುವ ಹಾಗೆಯೇ ಬರೆ."