ಬಾವಿ ತೋಡಿದವರು, ಎಲೆ ಎತ್ತಿದವರು

ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆ ದೊಡ್ಡ ಸಭೆಯೊಂದನ್ನು ಸೇರಿಸಬೇಕೆಂದರೆ ಭಾಷಣ ಮಾಡುವವರು ಯಾರು ಎಂಬುದಕ್ಕಿಂತ ಮೊದಲು ನೀರಿನ ಮಾತು ಬರುತ್ತದೆ. ಟ್ಯಾಂಕರ್ ಎಷ್ಟು, ಎಲ್ಲಿಂದ, ಎಷ್ಟು ಹೊತ್ತಿಗೆ? ಬರವನ್ನು ಕಂಡುಂಡ ಸೀಮೆಯ ಲೆಕ್ಕಾಚಾರವಿದು. ಆದಿಲಶಾಹಿ ಅರಸರು ಕೂಡ ವಿಜಯಪುರವನ್ನು ಕಟ್ಟುವಾಗ ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದರು, ತಾಜ್ ಬಾವಡಿ ತೋಡಿಸಿದರು, ಬೇಗಂ ತಲಾಬ್ ಕಟ್ಟಿಸಿದರು. ಜನ ಸೇರುವ ಕಡೆ ನೀರು ಇರಲೇಬೇಕು. ರಾಜಕೀಯ ಅಧಿವೇಶನಗಳೂ ಇದಕ್ಕೆ ಹೊರತಲ್ಲ. ವೇದಿಕೆಯ ಮೇಲಿನ ನಿರ್ಣಯಗಳನ್ನು ಇತಿಹಾಸದ ಪುಸ್ತಕಗಳು ಬರೆದಿಡುತ್ತವೆ. ವೇದಿಕೆಯ ಹಿಂದೆ ನೀರು ಸೇದಿದವರ, ಒಲೆ ಹಚ್ಚಿದವರ, ಕಸ ಬಳಿದವರ ಹೆಸರು ಮಾತ್ರ ಅಪರೂಪಕ್ಕೆ ಉಳಿಯುತ್ತದೆ.

ಆಗ ಬಿಜಾಪುರವೆನಿಸಿದ್ದ ವಿಜಯಪುರಕ್ಕೆ ಇಂಥ ಸಭೆಗಳು ಹೊಸವಲ್ಲ. 1918ರ ಮೇ ತಿಂಗಳ ಉರಿಬಿಸಿಲಿನಲ್ಲಿ ಮುಂಬೈ ಪ್ರಾಂತಿಕ ರಾಜಕೀಯ ಪರಿಷತ್ತು ಇಲ್ಲಿ ಸೇರಿತ್ತು. ವಿಠ್ಠಲಭಾಯಿ ಪಟೇಲರು ಅಧ್ಯಕ್ಷರು. ಗಾಂಧೀಜಿಯೂ ಬಂದಿದ್ದರು. ಅದೇ ಸಂದರ್ಭದಲ್ಲಿ ಅಸ್ಪೃಶ್ಯತೆಯ ವಿರುದ್ಧ ನಡೆದ ಸಭೆಯೊಂದರಲ್ಲಿ ಮಾತಿಗೆ ನಿಂತ ಗಾಂಧೀಜಿ, ಇಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಯಾರಾದರೂ ಕೂತಿದ್ದೀರಾ ಎಂದು ಕೇಳಿದರು. ಯಾರೂ ಇರಲಿಲ್ಲ. ಹಾಗಾದರೆ ಈ ನಿರ್ಣಯಕ್ಕೆ ಅರ್ಥವೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಪೆಂಡಾಲಿನ ಒಳಗೆ ಯಾರಿಗೆ ಜಾಗ, ಹೊರಗೆ ಯಾರಿಗೆ ದುಡಿಮೆ ಎಂಬ ಆ ಪ್ರಶ್ನೆ ಆರು ವರ್ಷಗಳ ನಂತರ ಬೆಳಗಾವಿಯಲ್ಲಿ ಇನ್ನೂ ದೊಡ್ಡದಾಗಿ ಎದುರಾಯಿತು.

ಕಾಂಗ್ರೆಸ್ಸಿನ 39ನೇ ಅಧಿವೇಶನ 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಸಭೆ ಎರಡೇ ದಿನದ್ದು. ಆದರೆ ಆ ಎರಡು ದಿನಕ್ಕಾಗಿ ಒಂದು ಊರನ್ನೇ ಕಟ್ಟಬೇಕಿತ್ತು. ಸಾವಿರಾರು ಜನರನ್ನು ಇಳಿಸಿಕೊಳ್ಳುವಷ್ಟು ವಸತಿಗೃಹಗಳು ಆಗ ಬೆಳಗಾವಿಯಲ್ಲಿ ಎಲ್ಲಿದ್ದವು? ಟಿಳಕವಾಡಿಯ ಬಯಲಿನಲ್ಲಿ ಡೇರೆ, ಗುಡಿಸಲುಗಳ ನಗರವೊಂದು ಎದ್ದಿತು. ಅದಕ್ಕೆ ವಿಜಯನಗರ ಎಂದು ಹೆಸರಿಟ್ಟರು. ಹಂಪಿಯ ಗೋಪುರವನ್ನು ಹೋಲುವ ಮಹಾದ್ವಾರ ನಿಲ್ಲಿಸಿದರು. ಸಭಾಮಂಟಪಕ್ಕೆ ಸರ್ಕಸ್ಸಿನ ಭಾರಿ ಡೇರೆ ಬಂತು. ಬೆಂಕಿ ಬಿದ್ದರೆ ಗತಿಯೇನು ಎಂದು ಅದಕ್ಕೆ ವಿಮೆಯನ್ನೂ ಮಾಡಿಸಿದರು. ಬಿದಿರು, ಬಟ್ಟೆ, ಹುಲ್ಲುಗಳೇ ತುಂಬಿದ ನಗರದಲ್ಲಿ ಒಂದು ಕಿಡಿ ಏನು ಮಾಡಬಲ್ಲದೆಂಬುದು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಇದೆಲ್ಲದರ ಹೊರೆ ಹೊತ್ತವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಜಹಗೀರುದಾರರ ಮನೆತನದವರು, ಟಿಳಕರ ನಿಕಟವರ್ತಿ, ನಂತರ ಗಾಂಧೀಜಿಯ ಅನುಯಾಯಿ. ಜನ ಅವರನ್ನು ಕರ್ನಾಟಕದ ಸಿಂಹ ಎಂದೂ, ಖಾದಿ ಭಗೀರಥ ಎಂದೂ ಕರೆದರು. ಎರಡನೆಯ ಬಿರುದಿಗೆ ಬೆಳಗಾವಿಯಲ್ಲಿ ಇನ್ನೊಂದು ಅರ್ಥವೂ ಕೂಡಿಬಂತು. ಡೇರೆನಗರಕ್ಕೆ ನೀರು ಬೇಕೆಂದು ಅಲ್ಲಿಯೇ ದೊಡ್ಡ ಬಾವಿ ತೋಡಿಸಿದರು. ಖರ್ಚು 4,370 ರೂಪಾಯಿ 3 ಆಣೆ. ಆಣೆಯ ತನಕ ಲೆಕ್ಕ ಉಳಿದಿರುವುದೇ ಆ ಕಾಲದ ಕಾರ್ಯಕರ್ತರ ಶಿಸ್ತಿಗೆ ಸಾಕ್ಷಿ. ಪಂಪಾ ಸರೋವರ ಎಂದು ಹೆಸರಾದ ಆ ಬಾವಿ ಕಾಂಗ್ರೆಸ್ ಬಾವಿಯಾಗಿ ಇಂದಿಗೂ ಇದೆ. ದ್ವಾರ ಬಿಚ್ಚಿದರು, ಡೇರೆ ಮಡಚಿದರು. ತೆರೆಮರೆಯ ದುಡಿಮೆಯ ಗುರುತಾಗಿ ಬಾವಿ ಉಳಿದುಕೊಂಡಿತು.

ಡಿಸೆಂಬರ್ 20ರಂದೇ ಬಂದಿಳಿದ ಗಾಂಧೀಜಿಗೆ ಬಿದಿರು, ಹುಲ್ಲಿನ ಕುಟೀರ ಸಿದ್ಧವಾಗಿತ್ತು. ಅದಕ್ಕೆ 350 ರೂಪಾಯಿ ತಗುಲಿತ್ತು. ತಮಗೊಂದು ಸಾದಾ ಗುಡಿಸಲು ಸಾಕಿತ್ತು, ಇದು ಅರಮನೆಯಾಯಿತಲ್ಲ ಎಂದು ಅವರು ಆಕ್ಷೇಪಿಸಿದರು. ಪ್ರತಿನಿಧಿ ಶುಲ್ಕ 10 ರೂಪಾಯಿ ಹೆಚ್ಚಾಯಿತು, 1 ರೂಪಾಯಿಗೆ ಇಳಿಸಬೇಕು ಎಂದೂ ಒತ್ತಾಯಿಸಿದರು. ಕಷ್ಟಪಟ್ಟು ಕಟ್ಟಿದವರಿಗೆ ಈ ಮಾತು ಚುಚ್ಚಿರಲೂಬಹುದು. ಆದರೆ ಬಡವರ ಹೆಸರಿನಲ್ಲಿ ಸೇರುವ ಸಭೆಗೆ ಬಡವರ ಜೇಬಿನ ಅಳತೆಯೇ ಇರಬೇಕೆಂಬ ವಾದದಲ್ಲಿ ತೂಕವಿದೆ. ಎಲ್ಲ ಮುಗಿದ ಮೇಲೆ ಸ್ವಾಗತ ಸಮಿತಿಯ ಕೈಯಲ್ಲಿ 773 ರೂಪಾಯಿ ಉಳಿಯಿತು. ಸಾಲವಿಲ್ಲದೆ ಮುಗಿದ ಅಧಿವೇಶನ ಎನ್ನುವುದು ಸಂಘಟಕರ ಪಾಲಿಗೆ ಸಣ್ಣ ಮಾತಲ್ಲ.

ಇಷ್ಟು ಜನರನ್ನು ಸಾಲಿನಲ್ಲಿ ನಿಲ್ಲಿಸಿ, ದಾರಿ ತೋರಿಸಿ, ಕಾಯಿಲೆ ಬೀಳದಂತೆ ನೋಡಿಕೊಂಡವರು ಯಾರು? ಇಲ್ಲಿ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಕಥೆ ಬರುತ್ತದೆ. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಹರ್ಡೀಕರ್ ಕಲ್ಕತ್ತೆಯಲ್ಲಿ ವೈದ್ಯಕೀಯ ಕಲಿತು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದವರು. ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದವರು. ಊರಿಗೆ ಮರಳಿ ಹುಬ್ಬಳ್ಳಿಯಲ್ಲಿ ಸೇವಾಮಂಡಲ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಎಷ್ಟೋ ಜನ ಕಷ್ಟ ತಾಳಲಾರದೆ ಕ್ಷಮೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿಯ ಹುಡುಗರು ಜಗ್ಗಲಿಲ್ಲ. ತರಬೇತಿಗೆ ಎಂಥ ಶಕ್ತಿಯಿದೆ ಎಂಬುದು ದೇಶಕ್ಕೆ ಗೊತ್ತಾಯಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಅಧಿವೇಶನ ಹರ್ಡೀಕರರ ಸೀಮೆಗೇ ಬಂತು. ಹುಟ್ಟಿ ಒಂದೇ ವರ್ಷವಾಗಿದ್ದ ದಳಕ್ಕೆ ಬೆಳಗಾವಿಯೇ ಪರೀಕ್ಷೆಯ ಕಣವಾಯಿತು.

ಸಾರ್ವಜನಿಕ ಆರೋಗ್ಯ ಓದಿದ ಡಾಕ್ಟರೊಬ್ಬರು ಸ್ವಯಂಸೇವಕರ ಮುಖಂಡರಾಗಿದ್ದುದು ಎಷ್ಟು ಹೊಂದಿಕೆಯಾದ ಸಂಗತಿ ಎಂಬುದು ಜಾತ್ರೆ ನಡೆಸಿದ ಯಾರಿಗೂ ಅರ್ಥವಾದೀತು. ಜನಜಂಗುಳಿಯಲ್ಲಿ ಮೊದಲು ಕೆಡುವುದು ನೀರು. ಅದರ ಬೆನ್ನಿಗೇ ವಾಂತಿಭೇದಿ.

ಹೆಣ್ಣುಮಕ್ಕಳ ಪಡೆ ಕಟ್ಟುವ ಕೆಲಸ ಉಮಾಬಾಯಿ ಕುಂದಾಪುರ ಅವರ ಪಾಲಿಗೆ ಬಂತು. ಮಂಗಳೂರಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆಯನ್ನು ನಡೆಸುತ್ತಿದ್ದ ಈ ತಾಯಿ ಮನೆಮನೆ ಸುತ್ತಿದರು. ವಿಧವೆಯರು ಹೊಸ್ತಿಲು ದಾಟುವುದೇ ತಪ್ಪು ಎನ್ನುತ್ತಿದ್ದ ದಿನಗಳವು. ಅಂಥದ್ದರಲ್ಲಿ ವಿವಾಹಿತೆಯರು, ವಿಧವೆಯರು, ಎಲ್ಲ ಜಾತಿಯವರು ಸೇರಿ 150ಕ್ಕೂ ಹೆಚ್ಚು ಮಹಿಳೆಯರು ಬೆಳಗಾವಿಗೆ ಬಂದು ಸೇವೆಗೆ ನಿಂತರು. ಆ ಅಧಿವೇಶನದ ನಿರ್ಣಯಗಳ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಆದರೂ ಅಲ್ಲಿ ನಡೆದ ಮುಖ್ಯ ಸಂಗತಿಗಳಲ್ಲಿ ಇದನ್ನು ಮೊದಲ ಸಾಲಿಗೇ ಸೇರಿಸಬೇಕು. 1932ರಲ್ಲಿ ಯರವಡಾ ಜೈಲು ಕಂಡ ಉಮಾಬಾಯಿಯ ದಿಟ್ಟತನಕ್ಕೆ ಬೆಳಗಾವಿಯಲ್ಲೇ ಹದ ಬಂದಿತ್ತು.

ಎಲ್ಲಕ್ಕಿಂತ ಕಷ್ಟದ ಕೆಲಸ ಪಾಯಿಖಾನೆಗಳದು. ಅದರ ಉಸ್ತುವಾರಿ ಕಾಕಾ ಕಾಲೇಲಕರ್ ಅವರದು. ಮಲ ಬಳಿಯುವುದು ಹುಟ್ಟಿನಿಂದ ಬಂದ ಶಿಕ್ಷೆಯೆಂಬಂತೆ ಒಂದು ಸಮುದಾಯದ ತಲೆಗೆ ಕಟ್ಟಿದ್ದ ಕಾಲದಲ್ಲಿ ಸ್ವಯಂಸೇವಕರೇ ಪೊರಕೆ, ಬಕೆಟ್ ಹಿಡಿದರು. ಬ್ರಾಹ್ಮಣರ ಮನೆಯ ಹುಡುಗರೂ ಅವರಲ್ಲಿದ್ದರು. ಬಿಜಾಪುರದಲ್ಲಿ ಗಾಂಧೀಜಿ ಕೇಳಿದ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ, ಉತ್ತರದ ಮೊದಲ ಹೆಜ್ಜೆ.

ಪೂರ್ಣವಲ್ಲ ಎನ್ನುವುದಕ್ಕೆ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಅನುಭವವೇ ಸಾಕು. ಸ್ವಾಗತಗೀತೆ ಹಾಡಿದವರಲ್ಲಿ ಮುಂದೆ ದೇಶವೇ ತಲೆದೂಗಿದ ಗಂಗೂಬಾಯಿ ಹಾನಗಲ್ ಇದ್ದರು. ಗಾಂಧೀಜಿಯ ಎದುರು ಹಾಡುವುದಕ್ಕೆ ಅವರಿಗೆ ಭಯವಿರಲಿಲ್ಲ. ಕೆಳಜಾತಿಯವಳೆಂದು ಊಟವಾದ ಮೇಲೆ ಎಂಜಲೆಲೆ ಎತ್ತಿ ಬಳಿಯಲು ಹೇಳಿಬಿಟ್ಟಾರು ಎಂಬುದೇ ತನ್ನ ಅಂಜಿಕೆಯಾಗಿತ್ತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿದ್ದೂ, ವೀಣೆ ಶೇಷಣ್ಣನವರು ನುಡಿಸಿದ್ದೂ ಅಲ್ಲಿಯೇ. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸೇರಿದ್ದೂ ಅದೇ ಆವರಣದಲ್ಲಿ. ಇಷ್ಟೆಲ್ಲ ಸಂಭ್ರಮದ ನಡುವೆ ಊಟದ ಪಂಕ್ತಿಯನ್ನು ನೆನೆದು ಒಂದು ಮಗು ಅಂಜಿತ್ತು ಎಂಬುದನ್ನು ಮರೆಯುವಂತಿಲ್ಲ.

ಅದೇ 1924ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯಿತು. ಜೂನ್ 24ಕ್ಕೆ ಆರಂಭವಾದದ್ದು ಜುಲೈ 9ರವರೆಗೂ ಎಳೆಯಿತು. 103ನೇ ಸುತ್ತಿನ ಮತದಾನದಲ್ಲಿ ಜಾನ್ ಡೇವಿಸ್ ಅಭ್ಯರ್ಥಿಯಾದರು. ರೇಡಿಯೋ ಅದನ್ನು ಮನೆಮನೆಗೆ ಮುಟ್ಟಿಸಿತು. ಅಲ್ಲಿ ಕಟ್ಟಡ, ಹೋಟೆಲು, ವಿದ್ಯುತ್ತು ಎಲ್ಲ ಮೊದಲೇ ಇದ್ದವು. ನಮ್ಮಲ್ಲಿ ಬಯಲಿನಿಂದಲೇ ಆರಂಭಿಸಬೇಕಿತ್ತು. 1936ರಲ್ಲಿ ಫೈಜಪುರದ ಅಧಿವೇಶನದೊಂದಿಗೆ ಕಾಂಗ್ರೆಸ್ ಹಳ್ಳಿಗೇ ಹೋಯಿತು. 1938ರ ಹರಿಪುರಕ್ಕಾಗಿ ನಂದಲಾಲ್ ಬೋಸ್ ಕುಂಬಾರ, ಬಡಗಿ, ರೈತರ ಚಿತ್ರ ಬರೆದು ಆವರಣಕ್ಕೆ ತೂಗುಹಾಕಿದರು. ದುಡಿಯುವ ಕೈಗಳು ಅಲ್ಲಿ ಕೊನೆಗೂ ಎಲ್ಲರ ಕಣ್ಣಿಗೆ ಬಿದ್ದವು.

ಬೆಳಗಾವಿ ಅಧಿವೇಶನದ ನೂರನೇ ವರ್ಷಕ್ಕೆ, 2024ರ ಡಿಸೆಂಬರ್ 26ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಮತ್ತೆ ಅಲ್ಲಿ ಸೇರಿತು. ಮರುದಿನ ಭಾರಿ ಸಮಾವೇಶ ನಡೆಯಬೇಕಿತ್ತು. ಅದೇ ರಾತ್ರಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡ ಸುದ್ದಿ ಬಂತು; ಸಮಾವೇಶ ನಿಂತುಹೋಯಿತು. ನಾಯಕರು ದೆಹಲಿಗೆ ಹೊರಟರು. ಶಾಮಿಯಾನದವರು, ಅಡುಗೆಯವರು, ಮೈಕ್‌ಸೆಟ್ಟಿನವರು, ಬಸ್ಸು ಗೊತ್ತು ಮಾಡಿದ ಹಳ್ಳಿಯ ಕಾರ್ಯಕರ್ತರು ಮಾಡಿದ ಸಿದ್ಧತೆಯನ್ನೆಲ್ಲ ಮೊದಲಿಂದ ಮಾಡಬೇಕಾಯಿತು. 2025ರ ಜನವರಿ 21ರಂದು ಆ ಸಮಾವೇಶ ಬೆಳಗಾವಿಯಲ್ಲೇ ನಡೆಯಿತು.